ಮುಕ್ತಿನಾಥದಲ್ಲಿ ಅತ್ತಿಗೆಯನ್ನು ಚೀಲಕ್ಕೆ ತುಂಬಿದ್ದು

ಜೋಗೇಶ್ವರಿ

ಊರಿನಿಂದ ಮುಂಬಯಿಗೆ ಬಸ್ಸಿನಲ್ಲಿ ಬಂದ ಮಾವಿನ ಮಿಡಿಗಳನ್ನು ಅಡುಗೆಮನೆಯ ನೆಲದಲ್ಲಿ ಹಳೆಯ ಸೀರೆಯ ಮೇಲೆ ಹರವಿಕೊಂಡು, ಒಂದೊಂದನ್ನೇ ಒರೆಸಿ ಭರಣಿಗೆ ಹಾಕುತ್ತಿದ್ದೆ. ಒಂದು ಪದರ ಮಿಡಿ, ಒಂದು ಹಿಡಿ ಕಲ್ಲುಪ್ಪು. ಅಷ್ಟರಲ್ಲಿ ವಾರಿಜತ್ತಿಗೆಯ ಫೋನು ಬಂತು.

ವಾರಿಜತ್ತಿಗೆ ನಮ್ಮವರ ಅಕ್ಕ. ಅರವತ್ತಾರು ವರ್ಷ, ಮಾಟುಂಗದಲ್ಲಿ ಮನೆ, ಅಲ್ಲಿಯ ಭಜನಾ ಮಂಡಳಿಗೆ ಅವರೇ ಯಜಮಾನಿ. ಮಾತಿಗೆ ಕೂತರೆ ಅವರು ಚರ್ಚ್‌ಗೇಟಿನಿಂದ ವಿರಾರಿಗೆ ಹೊರಟ ಸ್ಲೋ ಲೋಕಲ್. ಒಂದು ಸ್ಟೇಷನ್ನನ್ನೂ ಬಿಡುವುದಿಲ್ಲ. ಅದಕ್ಕೆ ನಾನೊಂದು ಉಪಾಯ ಮಾಡಿಕೊಂಡಿದ್ದೆ, ದೇವರು ಕ್ಷಮಿಸಲಿ. ಮಾತು ದಾದರ್ ದಾಟುವ ಹೊತ್ತಿಗೆ ಖಾಲಿ ಮಿಕ್ಸಿಯನ್ನು ಗರ್ರೆಂದು ತಿರುಗಿಸಿ, “ಅತ್ತಿಗೆ, ಮಿಕ್ಸಿ ಹಾಕಿದ್ದೇನೆ, ಕೇಳುವುದಿಲ್ಲ. ಆಯ್ತು, ಆಯ್ತು” ಎಂದು ಫೋನು ಇಟ್ಟುಬಿಡುವುದು.

ಆ ದಿನ ಮಿಕ್ಸಿಯ ಸದ್ದಿನ ನಡುವೆ ನನಗೆ ಕೇಳಿಸಿದ್ದು ‘ಮುಕ್ತಿ’ ಎಂಬುದೊಂದೇ. ಯಾರಿಗೋ ಮುಕ್ತಿ ಸಿಕ್ಕಿದೆ, ಹದಿಮೂರನೆಯ ದಿನದ ಊಟಕ್ಕೆ ಕರೆಯುತ್ತಿದ್ದಾರೆ ಎಂದುಕೊಂಡು ಮೂರು ಸಲ ‘ಆಯ್ತು’ ಎಂದೆ. ಸಂಜೆ ನಮ್ಮವರು ವಿಕ್ರೋಳಿಯ ಕ್ಯಾಂಟೀನಿನ ಕೆಲಸ ಮುಗಿಸಿ ಬಂದು, ಚಪ್ಪಲಿ ಬಿಚ್ಚುತ್ತಲೇ ಹೇಳಿದರು: “ಅಕ್ಕನೊಟ್ಟಿಗೆ ನೇಪಾಳಕ್ಕೆ ಹೊರಟಿದ್ದೀಯಂತೆ. ಒಂದೇ ಮಾತಿಗೆ ಒಪ್ಪಿದಳು ಅಂತ ಅಕ್ಕನಿಗೆ ಎಂಥ ಖುಷಿ ಗೊತ್ತುಂಟಾ? ವೋಟರ್ ಕಾರ್ಡ್ ಎಲ್ಲಿಟ್ಟಿದ್ದೀ ನೋಡು.”

ಎರಡು ವರ್ಷದ ಹಿಂದೆ ನಮ್ಮವರ ಎದೆಗೆ ಸ್ಟೆಂಟ್ ಹಾಕುವಾಗ ವಾರಿಜತ್ತಿಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹರಕೆ ಹೇಳಿಕೊಂಡಿದ್ದರು. ತಮ್ಮ ಉಳಿದರೆ ನೇಪಾಳದ ಮುಕ್ತಿನಾಥ ಗುಡಿಯ ನೂರೆಂಟು ನೀರಿನ ಧಾರೆಗೆ ತಲೆಯೊಡ್ಡುತ್ತೇನೆ ಎಂದು. ತಮ್ಮ ಉಳಿದಿದ್ದರು, ನನ್ನೆದುರೇ ಕೂತು ಚಹಾ ಕುಡಿಯುತ್ತಿದ್ದರು. ಇನ್ನು ನಾನು ಇಲ್ಲವೆನ್ನುವುದು ಹೇಗೆ?

ಅರೆಬರೆ ತುಂಬಿದ ಭರಣಿಯನ್ನು ಅಂದೇ ತುಂಬಿಸಿ, ಬಾಯಿಗೆ ಬಟ್ಟೆ ಕಟ್ಟಿ, ಕೆಳಗಿನ ಮನೆಯ ಮೆಹಬೂಬಿಗೆ ಒಪ್ಪಿಸಿದೆ. ಅವಳು ವಿಜಾಪುರದ ಕಡೆಯವಳು.

“ದಿನಾ ಒಮ್ಮೆ ಕುಲುಕಬೇಕು, ಕೈ ಹಾಕಬಾರದು,” ಎಂದೆ.

“ಆತ್ ಬಿಡ್ರಿ ಅಕ್ಕಾ, ಕೂಸಿನ್ಹಂಗ ನೋಡ್ಕೋತೀನಿ. ಆದ್ರ ಒಂದ್ ಮಾತು. ಪಾಸ್‌ಪೋರ್ಟ್ ಇಲ್ದ ಹೋಗೂ ಫಾರಿನ್ನು, ಅದೆಂಥಾ ಫಾರಿನ್ ರೀ?”

ಪೊಖರಾ

ಫಾರಿನ್ನೇ ಹೌದು ಎಂಬುದಕ್ಕೆ ಸಾಕ್ಷಿ ಗಡಿಯಾರ. ನೇಪಾಳದ ಗಂಟೆ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ಒಂದು ಗಂಟೆಯಲ್ಲ, ಅರ್ಧವೂ ಅಲ್ಲ, ಕಾಲು. ಅಷ್ಟಕ್ಕಾಗಿ ಮುಳ್ಳು ತಿರುಗಿಸುವುದಿಲ್ಲ ಎಂದು ವಾರಿಜತ್ತಿಗೆ ಹಟ ಹಿಡಿದರು. ಹೀಗಾಗಿ ನಮ್ಮ ಹನ್ನೊಂದು ಮಂದಿಯ ತಂಡದಲ್ಲಿ ಹತ್ತು ಮಂದಿ ಬಸ್ಸಿನಲ್ಲಿ ಕೂತ ಮೇಲೆ ಅವರೊಬ್ಬರು ಮಾಟುಂಗದ ಸಮಯಕ್ಕೆ ಸರಿಯಾಗಿ ಬರುತ್ತಿದ್ದರು.

ಇಲ್ಲಿಯವರ ಒಂದು ಅಭ್ಯಾಸ ನನಗೆ ತುಂಬ ಹಿಡಿಸಿತು. ಚಹಾ ಕೊಡುವುದಿರಲಿ, ಚಿಲ್ಲರೆ ಕೊಡುವುದಿರಲಿ, ಎಡಗೈಯಿಂದ ಬಲ ಮೊಣಕೈಯನ್ನು ಮುಟ್ಟಿಕೊಂಡೇ ಕೊಡುತ್ತಾರೆ. ತೀರ್ಥ ಕೊಟ್ಟ ಹಾಗೆ. ನಮ್ಮ ಸ್ಟೇಷನ್ನಿನ ಟಿಕೆಟ್ ಕಿಟಕಿಯಲ್ಲಿ ಚಿಲ್ಲರೆ ನಮ್ಮ ಕಡೆಗೆ ಹಾರಿಬರುವುದನ್ನು ನೆನೆದು ನಾನು ಬೇಕೆಂದೇ ಎರಡೆರಡು ಸಲ ಚಹಾ ಕೊಂಡೆ. ಎಲ್ಲರೂ ನನ್ನನ್ನು ‘ಆಮಾ’ ಎನ್ನುತ್ತಿದ್ದರು, ಅಮ್ಮ ಎಂದರ್ಥ. ಮಾತು ಹಿಂದಿಗೆ ಹತ್ತಿರ, ಮರಾಠಿಗೂ ಅಲ್ಲಲ್ಲಿ ತಾಗುತ್ತದೆ. ಮೂವತ್ತು ವರ್ಷ ಮುಂಬಯಿಯಲ್ಲಿ ಇದ್ದವಳಿಗೆ ನೇಪಾಳಿ ಏನು ಮಹಾ ಎಂಬ ಜಂಬ ನನಗೆ ಬಂದದ್ದು ಇಲ್ಲಿಯೇ. ಆ ಜಂಬದ ಕಥೆ ಮುಂದಿದೆ.

ಪೊಖರಾದ ದೇವಿ ಗುಡಿಯಲ್ಲಿ ವಾರಿಜತ್ತಿಗೆ ಹೆಜ್ಜೆ ಪ್ರದಕ್ಷಿಣೆ ಮಾಡಿದರು. ನೋಡದವರಿಗಾಗಿ ಹೇಳುತ್ತೇನೆ: ಮುಂದಿಟ್ಟ ಪಾದದ ಹಿಮ್ಮಡಿ ಹಿಂದಿನ ಪಾದದ ಹೆಬ್ಬೆರಳಿಗೆ ತಾಗಬೇಕು, ನಡುವೆ ಸಾಸಿವೆ ಕಾಳಿನಷ್ಟೂ ಜಾಗ ಬಿಡಬಾರದು, ಹೀಗೆ ಇಡೀ ಗುಡಿಯನ್ನು ಸುತ್ತಬೇಕು. ಮಾಟುಂಗದ ದೇವಸ್ಥಾನದಲ್ಲಿ ಪ್ರತಿ ಶನಿವಾರ ಅವರದು ಮೂರು ಸುತ್ತು. ಹಗ್ಗ ಹಿಡಿದು ಗೆರೆ ಎಳೆದಷ್ಟು ನೇರ. ನಾನು ಮಾಡಿದರೆ ಅರ್ಧ ಸುತ್ತಿಗೇ ಕಂಬಕ್ಕೆ ಆತುಕೊಳ್ಳುತ್ತೇನೆ. “ಗುಲಾಬಿ, ನಿನ್ನದು ಪ್ರದಕ್ಷಿಣೆಯಾ, ಬಸ್ಸಿನಲ್ಲಿ ನಿಂತ ಹಾಗಾ?” ಎಂದು ಅವರು ನಾಲ್ಕು ಜನರೆದುರು ಕೇಳುವುದು ವಾಡಿಕೆ. ಅಂದೂ ಕೇಳಿದರು. ತಂಡದ ಉಳಿದವರು ಬಿಸಿಲಿನಲ್ಲಿ ಕಾದು ಸುಸ್ತಾದರು.

ಜೋಮ್‌ಸೋಮ್

ಇದು ಗಾಳಿಯ ಊರು. ಮಧ್ಯಾಹ್ನವಾದರೆ ಸೆರಗು ನಮ್ಮದಲ್ಲ. ಪೊಖರಾದಿಂದ ಜೀಪಿನಲ್ಲಿ ಹೊರಟು ಒಂದೇ ದಿನದಲ್ಲಿ ಇಷ್ಟು ಎತ್ತರ ಬಂದಿದ್ದೀರಿ, ಇನ್ನೊಂದು ದಿನ ಇಲ್ಲಿಯೇ ಇದ್ದು ಮೈಯನ್ನು ಒಗ್ಗಿಸಿಕೊಳ್ಳಿ ಎಂದು ಟೂರಿನ ಮ್ಯಾನೇಜರ್ ಕೈಮುಗಿದು ಹೇಳಿದ.

ವಾರಿಜತ್ತಿಗೆ ಒಪ್ಪಲಿಲ್ಲ. “ಏಕಾದಶಿಗೆ ಮೇಲೆ ಇರಬೇಕು, ದ್ವಾದಶಿ ಬೆಳಿಗ್ಗೆ ಸ್ನಾನ ಮಾಡಿ ಪಾರಣೆ. ಹರಕೆ ಹಾಗೇ ಇರುವುದು. ಮೈ ಒಗ್ಗುವುದೆಂತ? ದಿನಕ್ಕೆ ನಾಲ್ಕು ಸಲ ಮಾಟುಂಗ ಸ್ಟೇಷನ್ನಿನ ಬ್ರಿಡ್ಜ್ ಹತ್ತಿ ಇಳಿಯುವವರು ನಾವು.”

ಉಳಿದ ಒಂಬತ್ತು ಮಂದಿ ಮ್ಯಾನೇಜರನ ಮಾತು ಕೇಳಿದರು. ನಾವಿಬ್ಬರು ಮಾರನೆಯ ದಿನ ಬೆಳಿಗ್ಗೆ ಬೇರೆ ಜೀಪು ಹಿಡಿದೆವು.

ರಾಣಿಪೌವಾ

ಮುಕ್ತಿನಾಥದ ಮೆಟ್ಟಿಲುಗಳ ಕೆಳಗಿನ ಹಳ್ಳಿ ಇದು. ಏಕಾದಶಿಯೆಂದು ವಾರಿಜತ್ತಿಗೆ ನೀರೂ ಮುಟ್ಟಿರಲಿಲ್ಲ. ಮಧ್ಯಾಹ್ನವೇ ಹಣೆಗೆ ಮುಲಾಮು ಬಳಿದುಕೊಂಡರು. “ತಲೆನೋವಾ ಅತ್ತಿಗೆ?” ಎಂದರೆ, “ಎಂತದೂ ಇಲ್ಲ, ಗಾಳಿ ಕಟ್ಟಿದ್ದು” ಎಂದರು. ಸಂಜೆ ಬಚ್ಚಲಿಗೆ ಹೋಗಿ ವಾಂತಿ ಮಾಡಿ ಬಂದರು. ಹೊಟ್ಟೆಯಲ್ಲಿ ಏನೂ ಇಲ್ಲದೆ ವಾಂತಿ ಎಲ್ಲಿಂದ ಬಂತು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ.

ಲಾಡ್ಜಿನ ಯಜಮಾನಿ ಬಾಗಿಲಲ್ಲಿ ನಿಂತು ನೋಡಿದಳು. ಅತ್ತಿಗೆಯನ್ನು ತೋರಿಸಿ, “ಲೇಕ್ ಲಾಗ್ಯೋ” ಎಂದಳು.

ಮರಾಠಿಯಲ್ಲಿ ಲೇಕ್ ಎಂದರೆ ಮಗಳು ಎಂದು ಮುಂಬಯಿಯ ಮಕ್ಕಳಿಗೂ ಗೊತ್ತು. ಇವಳು ಸಂಬಂಧ ವಿಚಾರಿಸುತ್ತಿದ್ದಾಳೆ ಎಂದುಕೊಂಡೆ. ನನ್ನ ಮಗಳ ವಯಸ್ಸಿನವರಂತೆ ಕಾಣುತ್ತಾರಲ್ಲ ಅತ್ತಿಗೆ, ಎಂದು ಒಳಗೊಳಗೇ ಉರಿಯಿತು ಕೂಡ. “ಲೇಕ್ ನಹೀಂ, ನಣಂದ್,” ಎಂದು ನನ್ನ ಮರಾಠಿಯಲ್ಲೇ ತಿದ್ದಿದೆ. ಗಂಡನ ಅಕ್ಕ ಎಂದು. ಆಕೆಗೆ ಅದು ಅರ್ಥವಾಯಿತು, ಏಕೆಂದರೆ ಅವರಲ್ಲೂ ನಾದಿನಿಗೆ ‘ನಂದ’ ಎನ್ನುತ್ತಾರಂತೆ. “ಹೋ, ನಂದ. ನಂದಲಾಯಿ ಲೇಕ್ ಲಾಗ್ಯೋ” ಎಂದು ತಲೆಯಾಡಿಸಿದಳು. ಇಬ್ಬರೂ ಒಬ್ಬರಿಗೊಬ್ಬರು ಅರ್ಥವಾದೆವೆಂದು ನಕ್ಕೆವು. ಆಮೇಲೆ ಅವಳು ಬೆರಳು ತೋರಿಸಿ, ನಿಧಾನವಾಗಿ, ಮಗುವಿಗೆ ಹೇಳಿದ ಹಾಗೆ ಹೇಳಿದಳು: “ತಲ ಝರ್ನುಪರ್ಛ.”

“ಎಂತ ಹೇಳ್ತಾಳೆ ಅವಳು?” ವಾರಿಜತ್ತಿಗೆ ಹಾಸಿಗೆಯಿಂದ ಕೇಳಿದರು.

ತಲ ಎಂದರೆ ತಲೆ. ಝರ್ ಎಂದರೆ ಝರಿ. ಇದಕ್ಕೆ ಯಾವ ವಿದ್ವಾಂಸರು ಬೇಕು? “ನಾಳೆ ನೂರೆಂಟು ಝರಿಗೂ ತಲೆ ಕೊಡಬೇಕಂತೆ ಅತ್ತಿಗೆ. ಒಂದನ್ನೂ ಬಿಡಬಾರದಂತೆ,” ಎಂದೆ. ‘ಒಂದನ್ನೂ ಬಿಡಬಾರದು’ ಎಂಬುದು ನನ್ನದೇ ಸೇರ್ಪಡೆ.

“ನೋಡು, ಇಲ್ಲಿಯವರಿಗೂ ಎಷ್ಟು ಭಕ್ತಿ,” ಎಂದು ವಾರಿಜತ್ತಿಗೆ ಮಗ್ಗುಲಾದರು. ಯಜಮಾನಿ ಮತ್ತೊಮ್ಮೆ ಬೆರಳು ತೋರಿಸಿ ಹೋದಳು.

ಮೆಟ್ಟಿಲುಗಳ ಕೆಳಗೆ

ದ್ವಾದಶಿಯ ಬೆಳಿಗ್ಗೆ ಮಂಜು ಇಳಿದಿತ್ತು. ವಾರಿಜತ್ತಿಗೆ ಮುಂದೆ, ಟವೆಲು ಹಿಡಿದ ನಾನು ಹಿಂದೆ. ಅವರ ನಡಿಗೆ ಒಂದು ಕಡೆಗೆ ವಾಲುತ್ತಿತ್ತು. ಅತ್ತಿಗೆ ನನ್ನ ಪ್ರದಕ್ಷಿಣೆಯ ಅಣಕ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕುಬಿಟ್ಟೆ. ಅವರು ತಿರುಗಿ ನೋಡಲಿಲ್ಲ.

ಮೊದಲ ಮೆಟ್ಟಿಲಿಗೆ ಮುಂಚೆ ತಗಡಿನ ಮಾಡಿನ ಒಂದು ಕೋಣೆ ಇದೆ. ಬೆಟ್ಟದಲ್ಲಿ ಬಿದ್ದವರನ್ನು, ಉಸಿರು ಕಟ್ಟಿದವರನ್ನು ನೋಡಿಕೊಳ್ಳುವ ಚೌಕಿ. ಅದರ ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದ ಒಬ್ಬ ಹೆಂಗಸು ಅತ್ತಿಗೆಯ ನಡಿಗೆ ನೋಡಿದವಳೇ ಬಾಯಿ ತೊಳೆಯದೆಯೇ ಓಡಿಬಂದು ತೋಳು ಹಿಡಿದಳು. ಹೆಸರು ಮಾಯಾ. ನನ್ನ ಭುಜದಷ್ಟೇ ಎತ್ತರ, ಹಿಡಿತ ಮಾತ್ರ ಲೋಕಲ್ಲಿನ ಲೇಡೀಸ್ ಡಬ್ಬಿಯವರದ್ದು. ಒಳಗೆ ಕೂರಿಸಿ ಬೆರಳಿಗೆ ಚಿಮಟದಂಥದ್ದೊಂದನ್ನು ಸಿಕ್ಕಿಸಿದಳು. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅದು ಹೇಳುತ್ತದೆ.

“ಅರವತ್ತೆರಡು,” ಎಂದಳು ಹಿಂದಿಯಲ್ಲಿ, ಮುಖ ಬಿಗಿಮಾಡಿ.

“ಕಡಿಮೆಯಾ ಅದು?” ವಾರಿಜತ್ತಿಗೆ ಕೇಳಿದರು. “ನಾನು ಎಸ್ಸೆಸ್ಸೆಲ್ಸಿಯಲ್ಲಿ ತೆಗೆದದ್ದೇ ನಲವತ್ತೊಂದು.”

ನನ್ನ ಬೆರಳಿಗೂ ಸಿಕ್ಕಿಸಿದಳು. ಎಂಬತ್ತೇಳು. ಮದುವೆಯಾಗಿ ಬಂದಾಗಿನಿಂದ ವಾರಿಜತ್ತಿಗೆಗಿಂತ ನನಗೆ ಹೆಚ್ಚು ಅಂಕ ಬಂದದ್ದು ಅದೇ ಮೊದಲು. ಖುಷಿಯಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಮಾಯಾ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಳು. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಈ ಗೆರೆಯ ಮೇಲೆ ನಡೆಯಿರಿ ಎಂದು ತಾನೇ ನಡೆದು ತೋರಿಸಿದಳು.

ವಾರಿಜತ್ತಿಗೆಯ ಮುಖ ಬೆಳಗಿತು. “ಇದಾ? ಇದನ್ನು ನನಗೆ ಹೇಳಿಕೊಡುವುದಾ?” ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು. ನಾನೂ ಗೋಡೆಗೊರಗಿ ನೋಡತೊಡಗಿದೆ. ಇನ್ನು ಈ ಹುಡುಗಿಗೆ ಗೊತ್ತಾಗುತ್ತದೆ, ಮಾಟುಂಗ ಎಂದರೆ ಏನೆಂದು.

ಮೊದಲ ಹೆಜ್ಜೆ ಇಟ್ಟರು. ಎರಡನೆಯದು ಗೆರೆಯಿಂದ ಹೊರಗೆ ಬಿತ್ತು. ಮೂರನೆಯದಕ್ಕೆ ಅವರು ಪೂರ್ತಿ ಮಾಯಾಳ ಮೇಲೆ ಒರಗಿದರು.

“ನೆಲ ಓರೆ ಉಂಟು,” ಎಂದರು. ನೆಲ ಓರೆ ಇರಲಿಲ್ಲ. ಆಮೇಲೆ ನನ್ನನ್ನೇ ದಿಟ್ಟಿಸಿ ನೋಡಿ, ಬಹಳ ಮರ್ಯಾದೆಯಿಂದ ಕೇಳಿದರು: “ನೀವು ಯಾರ ಮಗಳು? ಎಲ್ಲಿ ಇಳಿಯುವುದು ನೀವು?”

ಬೈದರೆ ತಡೆದುಕೊಳ್ಳುತ್ತಿದ್ದೆ. ವಾರಿಜತ್ತಿಗೆ ನನಗೆ ‘ನೀವು’ ಎಂದಾಗ ಟವೆಲನ್ನು ಅಲ್ಲೇ ಬಿಟ್ಟು ಅವರ ಕೈ ಹಿಡಿದುಕೊಂಡೆ.

ಮಾಯಾ ಹಿತ್ತಿಲ ಕಡೆಗೆ ಕೂಗಿ ಹೇಳಿದ್ದರಲ್ಲಿ ಮತ್ತೆ ಅದೇ ‘ಲೇಕ್ ಲಾಗ್ಯೋ’ ಇತ್ತು. ನಾನು ಅಳುದನಿಯಲ್ಲಿ, “ಲೇಕ್ ನಹೀಂ, ನಣಂದ್” ಎನ್ನುತ್ತಿರುವಾಗಲೇ ಹಿಂದಿನಿಂದ ಒಬ್ಬ ನಡುವಯಸ್ಸಿನ ಗಂಡಸು ಸ್ಟ್ರೆಚರ್ ಎತ್ತಿಕೊಂಡು ಬಂದ. ಧನ್ ಬಹಾದೂರ್ ಎಂದು. ನಾವು ನಮ್ಮಲ್ಲಿ ಆಡಿದ ಮಾತು ಅವನ ಕಿವಿಗೆ ಬಿದ್ದಿತ್ತು.

“ಅಮ್ಮ, ಮುಂಬಯಿಯಾ? ನಾನು ಎಂಟು ವರ್ಷ ಮಾಟುಂಗ, ಉಡುಪಿ ಹೋಟೆಲ್. ಒಂದು ಸಾದಾ, ಎರಡು ಮಸಾಲೆ, ಚಟ್ನಿ ಬೇರೆ,” ಎಂದ ಕನ್ನಡದಲ್ಲಿ. ಹಿಮಾಲಯದಲ್ಲಿ ಕನ್ನಡ ಕೇಳಿದ್ದು ದೇವರ ದಯೆಯೇ ಸರಿ, ಅದು ಮಸಾಲೆ ದೋಸೆಯ ಕನ್ನಡವಾದರೂ. “ಲೇಕ್ ಮಗಳು ಅಲ್ಲ ಅಮ್ಮ. ಲೇಕ್ ಅಂದ್ರೆ ಎತ್ತರ ಜಾಗ. ಎತ್ತರ ಹಿಡ್ಕೊಂಡಿದೆ ಇವರಿಗೆ. ಕಾಯಿಲೆ.”

“ಹಾಗಾದರೆ ತಲ ಎಂದರೆ ತಲೆಯಲ್ಲವಾ?”

“ತಲ ಅಂದ್ರೆ ಕೆಳಗೆ.”

“ಝರ್ನು?”

“ಇಳಿಯೋದು. ಯಾರು ಹೇಳಿದ್ದು?”

ಲಾಡ್ಜಿನವಳು ಹಿಂದಿನ ಸಂಜೆಯೇ ಹೇಳಿದ್ದಳು, ಎತ್ತರ ಹಿಡಿದಿದೆ, ಕೆಳಗೆ ಇಳಿಯಬೇಕು ಎಂದು. ನಾನು ಅದನ್ನು ನೂರೆಂಟು ಝರಿ ಮಾಡಿ ಅತ್ತಿಗೆಯನ್ನು ಇನ್ನೂ ಮೇಲಕ್ಕೆ ಹೊರಡಿಸಿದ್ದೆ.

ಚೀಲದೊಳಗೆ, ಚೀಲದ ಹೊರಗೆ

ಮಾಯಾ ಸುತ್ತುಬಳಸಿ ಹೇಳಲಿಲ್ಲ. ಮಿದುಳು ಬಾತುಕೊಳ್ಳುತ್ತಿದೆ, ಬೇಗ ಇಳಿಸದಿದ್ದರೆ ನಿದ್ದೆ ಬರುತ್ತದೆ, ಆಮೇಲೆ ಎಬ್ಬಿಸಲಾಗುವುದಿಲ್ಲ. ಮಂಜಿನಿಂದಾಗಿ ಹೆಲಿಕಾಪ್ಟರ್ ಬರುವಂತಿಲ್ಲ. ಚೌಕಿಯ ಜೀಪು ಕಾಲು ಮುರಿದವರೊಬ್ಬರನ್ನು ಇಳಿಸಲು ಹೋಗಿದೆ, ಬರಲು ಒಂದು ಗಂಟೆ. ಆ ಒಂದು ಗಂಟೆಗೆ ಚೀಲ.

ಅಷ್ಟರಲ್ಲಿ ಅತ್ತಿಗೆಗೆ ಮತ್ತೆ ವಾಂತಿಯಾಯಿತು, ಮಾಯಾ ನಲ್ಲಿ ತಿರುಗಿಸಿ ಅವರ ತಲೆ, ಮುಖ ತೊಳೆದಳು. ಚೀಲಕ್ಕೆ ಮೊದಲು ಇಂಜೆಕ್ಷನ್. ಸೂಜಿ ಕಂಡದ್ದೇ ವಾರಿಜತ್ತಿಗೆಗೆ ಅರೆಮರೆವಿನಲ್ಲೂ ಪಾರಣೆಯ ನೆನಪಾಯಿತು. “ಉಪವಾಸ ಮುರಿಯುತ್ತದಾ ಇದರಿಂದ?”

“ಸೊಂಟದಿಂದ ಹೋದದ್ದು ಹೊಟ್ಟೆಯ ಲೆಕ್ಕಕ್ಕಿಲ್ಲ ಅತ್ತಿಗೆ,” ಎಂದೆ. ಧರ್ಮಶಾಸ್ತ್ರದಲ್ಲಿ ಇದೆಯೋ ಇಲ್ಲವೋ, ನನಗೆ ತೋಚಿದ್ದು ಅಷ್ಟು.

ಆ ಚೀಲ ಕೆಂಪು ಬಣ್ಣದ್ದು, ಮನುಷ್ಯರುದ್ದದ್ದು, ಗಾಳಿ ಆಡದಂಥ ಜಿಪ್ಪಿನದ್ದು. ರೋಗಿಯನ್ನು ಒಳಗೆ ಮಲಗಿಸಿ, ಜಿಪ್ ಎಳೆದು, ಕಾಲಿನಿಂದ ಒತ್ತುವ ಪಂಪಿನಿಂದ ಗಾಳಿ ತುಂಬುತ್ತಾರೆ. ಒಳಗಿನ ಗಾಳಿ ಒತ್ತೊತ್ತಾಗಿ, ಮೈಗೆ ತಾನು ಎಷ್ಟೋ ಕೆಳಗೆ ಇಳಿದಿದ್ದೇನೆ ಎನಿಸುತ್ತದಂತೆ. ಅಂದರೆ ನಾನು ರಾಣಿಪೌವಾದಲ್ಲಿ ನಿಂತು ಒತ್ತುತ್ತ ಹೋದ ಹಾಗೆ, ವಾರಿಜತ್ತಿಗೆ ಅಲ್ಲೇ ಮಲಗಿದಲ್ಲಿ ಜೋಮ್‌ಸೋಮ್ ದಾಟಿ ಇಳಿಯುತ್ತಾರೆ. ಟಿಕೆಟಿಲ್ಲದ ಪ್ರಯಾಣ.

ಜಿಪ್ ಎಳೆದಾಗ ಅತ್ತಿಗೆ ಥೇಟ್ ಹಲಸಿನೆಲೆಯ ಕೊಟ್ಟೆಯೊಳಗಿನ ಕಡುಬು. ಮುಖದ ಮೇಲೆ ಒಂದು ಪಾರದರ್ಶಕ ಕಿಟಕಿ. ಮಾಯಾ ಕಿಟಕಿಯಿಂದ ಅವರನ್ನು ನೋಡುತ್ತ ಕೂತಳು. ಪಂಪು ನನ್ನ ಕಾಲಿಗೆ ಬಂತು, ಧನ್ ಬಹಾದೂರ್ ಸ್ಟ್ರೆಚರಿನ ಪಟ್ಟಿ ಸರಿಮಾಡುತ್ತಿದ್ದ.

“ನಿಲ್ಲಿಸಬಾರದು,” ಎಂದಳು ಮಾಯಾ. “ನಿಂತರೆ ಒಳಗಿನ ಗಾಳಿ ಕೆಡುತ್ತದೆ. ಒಂದೇ ತಾಳದಲ್ಲಿ ಒತ್ತಬೇಕು.”

ನನಗೆ ಗೊತ್ತಿದ್ದ ಒಂದೇ ತಾಳ ವಿಷ್ಣು ಸಹಸ್ರನಾಮದ್ದು. ಒಂದೊಂದು ಸಾಲಿಗೆ ಒಂದೊಂದು ಒತ್ತು. ಹೆದರಿಕೆಯಲ್ಲಿ ಯಾವ ನಾಮದ ಹಿಂದೆ ಯಾವುದೆಂದು ಮರೆತು, ಇದ್ದಬದ್ದದ್ದನ್ನೆಲ್ಲ ಹೇಳಿದೆ. ಕಾಲು ನಿಲ್ಲಿಸಲಿಲ್ಲ.

ಒಂದಷ್ಟು ಹೊತ್ತಿನ ಮೇಲೆ ಕಿಟಕಿಯಲ್ಲಿ ವಾರಿಜತ್ತಿಗೆಯ ತುಟಿ ಅಲ್ಲಾಡತೊಡಗಿತು. ಅವರು ಮಾತಾಡುತ್ತಿದ್ದರು. ಹುಬ್ಬು ಗಂಟಿಕ್ಕಿ, ಬೆರಳು ಎತ್ತಿ, ಒಂದೇ ಸಮನೆ. ಒಂದು ಅಕ್ಷರವೂ ಹೊರಗೆ ಬರುತ್ತಿರಲಿಲ್ಲ. ಮೂವತ್ತು ವರ್ಷ ನಾನು ಖಾಲಿ ಮಿಕ್ಸಿ ತಿರುಗಿಸಿ ಬಯಸಿದ್ದು ಇದನ್ನೇ, ಅತ್ತಿಗೆ ಮಾತಾಡಬೇಕು, ನನಗೆ ಕೇಳಿಸಬಾರದು. ದೇವರು ಕೊಡುವಾಗ ಹೀಗೆ ಕಿಟಕಿ ಇಟ್ಟು ಕೊಡುತ್ತಾನೆ ಎಂದು ಗೊತ್ತಿದ್ದರೆ ಬೇರೇನಾದರೂ ಕೇಳಿಕೊಳ್ಳುತ್ತಿದ್ದೆ. ಏನು ಹೇಳುತ್ತಿದ್ದಾರೆ, ನನಗೋ, ಇನ್ನೂ ಆ ಯಾರದೋ ಮಗಳಿಗೋ? ಬಗ್ಗಿ ಕಿವಿ ಇಟ್ಟರೂ ಪಂಪಿನ ಸದ್ದೊಂದೇ. ಅದು ನಮ್ಮ ಮಿಕ್ಸಿಯ ಸದ್ದಿಗಿಂತ ಕೆಟ್ಟದ್ದು.

ಗಂಟೆ ತುಂಬಿತು. ಮಾಯಾ ಗಾಳಿಯನ್ನು ನಿಧಾನವಾಗಿ ಬಿಟ್ಟು ಜಿಪ್ ಎಳೆದಳು.

“ಕಿವಿ ಕೇಳುವುದಿಲ್ವಾ ಗುಲಾಬಿ ನಿನಗೆ? ಆಗಿನಿಂದ ಬೊಬ್ಬೆ ಹೊಡೆಯುತ್ತಾ ಇದ್ದೇನೆ, ಕನ್ನಡಕ ಬೆನ್ನಿನಡಿ ಸಿಕ್ಕಿಕೊಂಡಿದೆ ಅಂತ.”

ಗುಲಾಬಿ ಎಂದರು. ನಿನಗೆ ಎಂದರು. ಆ ಪ್ರವಾಸದ ಸಣ್ಣಪುಟ್ಟ ದಯೆಗಳನ್ನೆಲ್ಲ ನಾನು ಬೆರಳಲ್ಲಿ ಎಣಿಸಿಟ್ಟಿದ್ದೇನೆ. ಹೆಬ್ಬೆರಳು ಈ ಬೈಗುಳಕ್ಕೆ.

ತಲ ಝರ್ನು

ಜೀಪು ನಿಲ್ಲುವ ಜಾಗದ ತನಕ ಸ್ಟ್ರೆಚರ್. ದಾರಿ ತುಂಬ ಯಾತ್ರಿಕರು, ಹೇಸರಗತ್ತೆಗಳು. ಮುಂದಿನ ಹಿಡಿಕೆ ಹಿಡಿದ ಧನ್ ಬಹಾದೂರ್ ಎಂಟು ವರ್ಷದ ಅಭ್ಯಾಸದಲ್ಲಿ ಕೂಗುತ್ತ ಹೋದ: “ಸೈಡ್, ಸೈಡ್, ಬಿಸಿ ಸಾಂಬಾರ್, ಸೈಡ್.” ಯಾರಿಗೂ ಅರ್ಥವಾಗಲಿಲ್ಲ, ಎಲ್ಲರೂ ದಾರಿ ಬಿಟ್ಟರು. ನಮ್ಮ ಹೈವೇಯಲ್ಲಿ ಆಂಬುಲೆನ್ಸ್ ಅರಚಿಕೊಂಡರೂ ಅದರ ಬೆನ್ನಿಗೆ ಹತ್ತು ಬೈಕು ಅಂಟಿಕೊಂಡು ಓಡುವುದೇ ಹೊರತು ಬಿಡುವುದು ಕಡಿಮೆ. ಇಲ್ಲಿ ಕತ್ತೆ ಕೂಡ ಗೋಡೆಗೆ ಸರಿದು ನಿಂತಿತು.

ಜೀಪಿನಲ್ಲಿ ಮೂಗಿಗೆ ಆಮ್ಲಜನಕದ ನಳಿಗೆ ಇಟ್ಟುಕೊಂಡು ವಾರಿಜತ್ತಿಗೆ ಮುಕ್ತಿನಾಥದ ಕಡೆಗೇ ತಿರುಗಿ ನೋಡುತ್ತಿದ್ದರು. ಬಳಿಕ ಮೆಲ್ಲಗೆ, “ಹರಕೆ ಬಾಕಿಯಾಯಿತಲ್ಲ ಗುಲಾಬಿ. ತಮ್ಮನದು,” ಎಂದರು. ಕಣ್ಣಲ್ಲಿ ನೀರು. ಅವರು ಅತ್ತದ್ದನ್ನು ನಾನು ಆಸ್ಪತ್ರೆಯ ಆ ಬೆಂಚಿನ ಮೇಲೆ ಬಿಟ್ಟರೆ ನೋಡಿರಲಿಲ್ಲ.

ಜೊತೆಗೆ ಬಂದಿದ್ದ ಮಾಯಾಳಿಗೆ ಹಿಂದಿಯಲ್ಲಿ ವಿಷಯ ಹೇಳಿದೆ. ಅವಳು ಸಹಜವಾಗಿ ಅಂದಳು: “ಬೆಳಿಗ್ಗೆ ವಾಂತಿಯಾದಾಗ ಇವರ ತಲೆ, ಮುಖ ತೊಳೆದೆನಲ್ಲ. ಚೌಕಿಯ ನಲ್ಲಿಗೆ ಬರುವುದು ಆ ಧಾರೆಗಳ ನೀರೇ. ಅಲ್ಲಿ ಬಿದ್ದು ಹರಿದದ್ದನ್ನು ಪೈಪಿನಲ್ಲಿ ಇಳಿಸಿದ್ದೇವೆ.”

ವಾರಿಜತ್ತಿಗೆ ತಲೆ ಮುಟ್ಟಿಕೊಂಡರು. ಕೂದಲು ಇನ್ನೂ ಒದ್ದೆ. “ಪೈಪಿನಲ್ಲಿ ಬಂದರೆ ಸಲ್ಲುತ್ತದಾ?”

“ನೂರೆಂಟೂ ಒಟ್ಟಿಗೆ ಬಂದಿದೆ ಅತ್ತಿಗೆ. ಒಂದನ್ನೂ ಬಿಟ್ಟಿಲ್ಲ.”

ಚೌಕಿಯಲ್ಲಿ ಧನ್ ಬಹಾದೂರ್ ನನ್ನನ್ನು ತಿದ್ದಿದ್ದು ಅರೆಮರೆವಿನಲ್ಲೂ ಅವರ ಕಿವಿಗೆ ಬಿದ್ದಿತ್ತೋ ಏನೋ, “ಇದೂ ನಿನ್ನ ಅನುವಾದವಲ್ಲ ತಾನೇ?” ಎಂದರು.

ಆಗ ಲಾಡ್ಜಿನ ಸಂಗತಿಯನ್ನು ಪೂರ್ತಿ ಹೇಳಿದೆ. ಲೇಕ್, ತಲ, ಝರಿ, ಎಲ್ಲ. ಬೈಗುಳಕ್ಕೆ ತಲೆ ಬಗ್ಗಿಸಿ ಕೂತೆ. ವಾರಿಜತ್ತಿಗೆ ನಳಿಗೆ ಅಲ್ಲಾಡುವಷ್ಟು ನಕ್ಕರು. “ಇಳಿ ಅಂದಿದ್ದರೂ ನಾನು ಇಳಿಯುತ್ತಿದ್ದೆನಾ ಮಾರಾಯ್ತಿ?” ಎಂದರು. ಅದು ನಿಜವೋ, ನನ್ನ ಹೊರೆ ಇಳಿಸಲು ಹೇಳಿದ್ದೋ, ಈಗಲೂ ನನಗೆ ತಿಳಿಯದು.

ಮತ್ತೆ ಜೋಗೇಶ್ವರಿ

ಬಂದ ಶನಿವಾರ ಮಾಟುಂಗದ ದೇವಸ್ಥಾನದಲ್ಲಿ ವಾರಿಜತ್ತಿಗೆ ಹೆಜ್ಜೆ ಪ್ರದಕ್ಷಿಣೆಗೆ ಇಳಿದರು. ಡಾಕ್ಟರು ಎಲ್ಲ ಸರಿಯಿದೆ ಎಂದಿದ್ದರು. ಆದರೆ ನಾನು ನಂಬುವುದು ಗೆರೆಯನ್ನು. ಅವರ ಹಿಂದೆಯೇ ಕೈಮುಗಿದು ನಡೆದೆ, ಕಣ್ಣು ಮಾತ್ರ ಅವರ ಹಿಮ್ಮಡಿಯ ಮೇಲೆ. ಒಂದು ಸುತ್ತು ನೇರ. ಎರಡೂ ನೇರ. ಮೂರನೆಯದರ ತಿರುವಿನಲ್ಲಿ ಅವರು ತಿರುಗದೆಯೇ ಕೇಳಿದರು: “ದೇವರನ್ನು ನೋಡ್ತಿದ್ದೀಯಾ, ನನ್ನ ಕಾಲನ್ನಾ?”

“ದೇವರನ್ನೇ ಅತ್ತಿಗೆ,” ಎಂದೆ.

ಮನೆಗೆ ಬಂದು ಸೀರೆ ಬದಲಿಸಿ, ಮೆಹಬೂಬಿಯ ಮನೆಯಿಂದ ಭರಣಿ ತಂದೆ. ಬಟ್ಟೆ ಬಿಚ್ಚಿದರೆ ಮಿಡಿಗಳು ಹದವಾಗಿ ಸುಕ್ಕುಗಟ್ಟಿದ್ದವು, ಉಪ್ಪುನೀರು ಮೇಲೆ ನಿಂತಿತ್ತು, ಒಂದೂ ಹಾಳಾಗಿರಲಿಲ್ಲ. ಇನ್ನು ಮಸಾಲೆ. ಸಾಸಿವೆ, ಒಣಮೆಣಸು, ಅರಿಸಿನವನ್ನು ಮಿಕ್ಸಿಗೆ ತುಂಬಿ ಮುಚ್ಚಳ ಒತ್ತುವಷ್ಟರಲ್ಲಿ ಫೋನು.

“ಗುಲಾಬಿ, ಸಾಸಿವೆ ಹೆಚ್ಚು ಹಾಕಬೇಡ, ಕಹಿಯಾಗ್ತದೆ. ಹೋದ ವರ್ಷ ಆ ಮೂರನೇ ಮಾಳಿಗೆಯ ಲಲಿತಾ ಹಾಕಿ...”

ಬೆರಳು ಗುಂಡಿಯ ಮೇಲೆಯೇ ಇತ್ತು. ಒತ್ತಲಿಲ್ಲ. ಲಲಿತಾಳ ಉಪ್ಪಿನಕಾಯಿ, ಅವಳ ಸೊಸೆ, ಸೊಸೆಯ ತವರು, ದೇವಸ್ಥಾನದ ಭಟ್ಟರು ಪೈಪಿನ ನೀರು ‘ಸಲ್ಲುತ್ತದೆ’ ಎಂದದ್ದು, ದಾದರ್, ಬಾಂದ್ರಾ, ಅಂಧೇರಿ. ಸ್ಟೂಲ್ ಎಳೆದುಕೊಂಡು ಕೂತು ವಿರಾರಿನವರೆಗೂ ಹೋದೆ.

ಕೊನೆಗೆ ಅತ್ತಿಗೆ ಉಸಿರೆಳೆದುಕೊಂಡು ಹೇಳಿದರು: “ಸರಿ, ಈಗ ಹಾಕು ಮಿಕ್ಸಿ. ಸಾಸಿವೆ ತುಂಬಿಸಿದ್ದೀಯಾ, ಯಾವಾಗಲಿನ ಹಾಗೆ ಖಾಲಿಯಾ?”

ನಾನು ಗುಂಡಿ ಒತ್ತಿದೆ. ಸಾಸಿವೆ ನುಣ್ಣಗಾಗುವ ತನಕ ಬೆರಳು ತೆಗೆಯಲಿಲ್ಲ.